ಮೂರನೇ ಡ್ರಮ್ಮಿನ ಮಡ್ಡಿ

ಬೆಳಗ್ಗೆ ಮಡ್ಡಿ ತುಂಬಿಕೊಂಡು ಯಲಹಂಕದ ಕಡೆ ಹೋದ ನಮ್ಮ ಫ್ಯಾಕ್ಟರಿ ಲಾರಿ ಮಧ್ಯಾಹ್ನ ಮಡ್ಡಿಯ ಸಮೇತ ವಾಪಸ್ಸು ಬಂತು. ಡ್ರೈವರ್ ಪಕ್ಕದ ಸೀಟಿನಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು ಕೂತಿದ್ದರು. ಲಾರಿ ನಿಂತದ್ದೇ ತಡ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದು, ಗೇಟಿನ ಹತ್ತಿರ ಇದ್ದವರನ್ನೆಲ್ಲ ಒಮ್ಮೆ ನೋಡಿ, "ಈ ಗೊಬ್ರಕ್ಕೆ ಯಜಮಾನ್ರು ಯಾರು ಇಲ್ಲಿ?" ಎಂದು ಕೇಳಿದರು. ನಾನು ಊಟದ ಡಬ್ಬಿ ತೊಳೆಯಲು ನಲ್ಲಿಯ ಹತ್ತಿರ ಬಂದಿದ್ದೆ. ಒಬ್ಬೊಬ್ಬರಾಗಿ ಎಲ್ಲರೂ ನನ್ನ ಕಡೆ ತಿರುಗಿದರು.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಯಶವಂತಪುರ ದಾಟಿ ಮತ್ತಿಕೆರೆಗೆ ಹೋಗುವ ದಾರಿಯಲ್ಲಿದ್ದ ನಮ್ಮದು ಮಾತ್ರೆ ಮಾಡುವ ಸಣ್ಣ ಫ್ಯಾಕ್ಟರಿ. ಹೆಂಗಸರಿಗೆ ಡಾಕ್ಟರು ಬರೆದುಕೊಡುವ ಹಾರ್ಮೋನ್ ಮಾತ್ರೆಗಳೇ ಮುಖ್ಯ. ಯಂತ್ರ, ಪಾತ್ರೆ ತೊಳೆದ ನೀರು, ಕ್ಯಾಂಟೀನಿನ ನೀರು, ಕಕ್ಕಸಿನ ನೀರು ಎಲ್ಲವೂ ಹಿತ್ತಲಿನ ತೊಟ್ಟಿಗಳಿಗೆ ಹೋಗುತ್ತಿತ್ತು. ತಳದಲ್ಲಿ ಕೂರುವ ಕಪ್ಪು ಕೆಸರಿಗೆ ನಾವೆಲ್ಲ ಮಡ್ಡಿ ಎನ್ನುತ್ತಿದ್ದೆವು. ಅದನ್ನು ಅರೆಬರೆ ಒಣಗಿಸಿ, ಕೇಳಿದ ರೈತರಿಗೆ ಪುಕ್ಕಟೆ ಗೊಬ್ಬರವೆಂದು ಕಳಿಸುತ್ತಿದ್ದೆವು. ಲ್ಯಾಬಿನಲ್ಲಿ ಸೂಕ್ಷ್ಮಜೀವಿಗಳ ಕೆಲಸ ನೋಡಿಕೊಳ್ಳುತ್ತಿದ್ದ ನಾನು ವಾರಕ್ಕೊಮ್ಮೆ ಆ ಮಡ್ಡಿಯನ್ನೂ ಪರೀಕ್ಷಿಸಿ ಸಹಿ ಹಾಕುತ್ತಿದ್ದೆ.

ಬಂದವರು ಪುಟ್ಟೇನಹಳ್ಳಿಯವರು. ಕೆರೆಯ ಪಕ್ಕದಲ್ಲೇ ಮನೆ, ಒಂದು ತುಂಡು ಹುಲ್ಲಿನ ಹೊಲ. ಯಲಹಂಕದ ಮನೆಗಳಿಗೆ ಹಾಲು ಹಾಕಿ ಜೀವನ. ನಾನು ಅವತ್ತಿನಿಂದ ಅವರನ್ನು ಹಾಲಿನಮ್ಮ ಎಂದೇ ಕರೆದೆ. ಇದ್ದ ಹಸುಗಳಿಗೆ ವಯಸ್ಸಾಗಿತ್ತು. ಮುಂದಿನದೆಲ್ಲ ಮನೆಯಲ್ಲೇ ಹುಟ್ಟಿ ಬೆಳೆದ, ಇನ್ನೂ ಕರು ಹಾಕದ ಎರಡು ಕಡಸುಗಳ ಮೇಲೆ ನಿಂತಿತ್ತು.

"ಎಲ್ಡೂ ಕಡಸು ಕೆಟ್ಟವೆ ಕಣವ್ವ," ಎಂದರು. "ಗಬ್ಬ ಆಗ್ದೇನೆ ಕೆಚ್ಲು ಬಿಟ್ಟವೆ. ಒಂದರ ಮ್ಯಾಲೊಂದು ಅತ್ತುತ್ತವೆ. ಮೂರು ಸಲ ಓರಿ ತಾವ ಬಿಟ್ಟೆ, ಗಬ್ಬ ನಿಲ್ಲಲಿಲ್ಲ. ಎಬ್ಬಾಳದ್ ಡಾಕ್ಟ್ರು ನೋಡಿ, ಉಲ್ಲಿಗೆ ಏನ್ ಆಕ್ತೀಯ ಅಂದ್ರು. ಇದನ್ನೇ ಆಕ್ತೀನಿ ಅಂದೆ. ಕಸಾಯಿಯವನು ಎಲ್ಡು ಸಲ ಬಂದು ನೋಡ್ಕಂಡ್ ಓಗವ್ನೆ. ಈಗ ನೀನ್ ಯೇಳು."

ನನಗೆ ನಿಂತಲ್ಲೇ ನಾಚಿಕೆಯಾಯಿತು. ಮಡ್ಡಿಯಲ್ಲಿ ರೋಗಾಣು ಇದೆಯೇ ಎಂದು ವರ್ಷಗಟ್ಟಲೆ ನೋಡಿದ್ದೆ. ಹಾರ್ಮೋನ್ ಮಾತ್ರೆ ಮಾಡುವ ಫ್ಯಾಕ್ಟರಿಯ ಮಡ್ಡಿಯಲ್ಲಿ ಹಾರ್ಮೋನ್ ಇದೆಯೇ ಎಂದು ಒಂದು ದಿನವೂ ನೋಡಿರಲಿಲ್ಲ. ನೋಡಿ ಎಂದು ಯಾರೂ ಹೇಳಿರಲಿಲ್ಲ ಎಂಬುದು ನಿಜ. ಆದರೆ ನನ್ನ ತಲೆ ಬೇರೆಯವರ ಅಪ್ಪಣೆಗೆ ಕಾಯಬೇಕಾಗಿರಲಿಲ್ಲ.

ಅವತ್ತೇ ಸಂಜೆಯೊಳಗೆ ಪರೀಕ್ಷೆ ಮಾಡಿದೆ. ಮಡ್ಡಿಯನ್ನು ಈಥರಿನಲ್ಲಿ ಕುಲುಕಿ, ಮೇಲೆ ನಿಂತ ಈಥರನ್ನು ಬೇರ್ಪಡಿಸಿ ಆರಿಸಿ, ಉಳಿದದ್ದಕ್ಕೆ ಗಂಧಕಾಮ್ಲ ಹಾಕಿ ಬಿಸಿನೀರಿನಲ್ಲಿಟ್ಟು ಕಾಯಿಸಿದರೆ, ಹೆಣ್ಣು ಹಾರ್ಮೋನ್ ಇದ್ದಲ್ಲಿ ನಸುಗೆಂಪು ಬಣ್ಣ ಬರುತ್ತದೆ. ಹಾರ್ಮೋನ್ ಹೆಚ್ಚಿದ್ದಷ್ಟೂ ಬಣ್ಣ ಗಾಢ. ನನ್ನ ಕೊಳವೆಯಲ್ಲಿ ಬಂದದ್ದು ದಾಸವಾಳದ ಬಣ್ಣ. ಹಾಲಿನಮ್ಮ ಪ್ರತಿ ಕೊಯ್ಲಿನ ನಂತರ ಹುಲ್ಲಿನ ಮೇಲೆ ಹಸಿ ಮಡ್ಡಿ ಎರಚುತ್ತಿದ್ದರು. ಚಿಗುರಿಗೆ ಮೆತ್ತಿಕೊಂಡದ್ದೆಲ್ಲ ಕಡಸುಗಳ ಹೊಟ್ಟೆ ಸೇರುತ್ತಿತ್ತು.

ಮ್ಯಾನೇಜರ್ ಕೆಟ್ಟವರಲ್ಲ. ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡಿ, ಅವತ್ತಿನಿಂದಲೇ ರೈತರಿಗೆ ಮಡ್ಡಿ ಕೊಡುವುದನ್ನು ನಿಲ್ಲಿಸಿದರು. ಅದರ ಹಿಂದೆಯೇ ಇನ್ನೊಂದು ಮಾತು ಬಂತು.

"ನೋಡಿ ಮೇಡಂ, ಪ್ರೊಡಕ್ಷನ್ ಅಂತೂ ನಿಲ್ಸೋಕಾಗಲ್ಲ. ನಮ್ ಹತ್ರ ಇರೋದು ಎರಡು ಗುಂಡಿ. ಒಂದು ಆಗ್ಲೇ ತುಂಬಿದೆ. ಇನ್ನೊಂದು ಉಗಾದಿ ಹೊತ್ತಿಗೆ ತುಂಬುತ್ತೆ. ಆಮೇಲೆ ಪುಟ್ಟೇನಹಳ್ಳಿ ಕೆರೆ ಹಿಂದೆ ಒಂದು ಹಳ್ಳ ಇದೆಯಂತೆ, ಯಾರೂ ಬೆಳೆ ಇಡಲ್ಲ. ಅಲ್ಲಿಗೆ ಸುರಿಸಿಬಿಡೋದು."

"ಸರ್, ಆ ಯಮ್ಮನ ಹಸು ನೀರು ಕುಡಿಯೋದೇ ಆ ಕೆರೇಲಿ!"

"ಹಾಗಾದ್ರೆ ಉಗಾದಿ ಒಳಗೆ ಏನಾದ್ರೂ ಮಾಡಿ. ಬೇಡ ಅಂದೋರ್ಯಾರು?"

ನನಗೆ ಮೂಗಿನ ತುದಿಯಲ್ಲಿ ಕೋಪ. ಮಾಡಿ ತೋರಿಸುತ್ತೇನೆ ಎಂದು ಬಾಗಿಲು ಎಳೆದುಕೊಂಡು ಬಂದೆ. ಹೇಗೆ ಮಾಡುವುದೆಂದು ಗೊತ್ತಿರಲಿಲ್ಲ. ಆಗ ದಸರಾ ಮುಗಿದು ಒಂದು ವಾರ.

ತತ್ವ ಸರಳವಾಗಿತ್ತು. ಹಸು, ಎಮ್ಮೆ, ಹೆಂಗಸರು ಎಲ್ಲರ ಮೈಯಿಂದಲೂ ಈ ಹಾರ್ಮೋನ್ ದಿನವೂ ಮಣ್ಣಿಗೆ ಹೋಗುತ್ತದೆ. ಆದರೂ ಭೂಮಿ ಅದರಿಂದ ತುಂಬಿಹೋಗಿಲ್ಲ ಎಂದರೆ ಅದನ್ನು ತಿನ್ನುವ ಜೀವಿ ಎಲ್ಲೋ ಇರಲೇಬೇಕು. ಸಗಣಿ, ತೋಟದ ಮಣ್ಣು, ಚರಂಡಿ ಕೆಸರು ಎಲ್ಲವನ್ನೂ ಚಿಟಿಕೆ ಚಿಟಿಕೆ ತಂದು, ಹಾರ್ಮೋನ್ ಬಿಟ್ಟರೆ ಬೇರೆ ಆಹಾರವೇ ಇಲ್ಲದ ಉಪ್ಪುನೀರಿನ ಬಾಟಲಿಗಳಿಗೆ ಹಾಕಿದೆ. ಬದುಕಿ ಉಳಿಯುವ ಜೀವಿ ಅದನ್ನು ತಿಂದೇ ಉಳಿಯಬೇಕು. ಸಗಣಿಯ ಬಾಟಲಿಯಲ್ಲಿ ನಾಲ್ಕೇ ದಿನಕ್ಕೆ ನಸುಗೆಂಪು ಮಾಯವಾಯಿತು. ನಾನು ಲ್ಯಾಬಿನಲ್ಲಿ ಒಬ್ಬಳೇ ನಕ್ಕೆ.

ಹಿತ್ತಲಿನಲ್ಲಿ ಆರು ಹಳೆಯ ಡ್ರಮ್ಮುಗಳನ್ನು ಸಾಲಾಗಿ ನಿಲ್ಲಿಸಿದೆವು. ನಿಲ್ಲಿಸಿದವರು ಮಡ್ಡಿ ಗುಂಡಿಗಳ ಮೇಸ್ತ್ರಿ. ಮತ್ತಿಕೆರೆ ಹಳ್ಳಿಯಾಗಿದ್ದ ಕಾಲದಿಂದ ಅಲ್ಲಿಯವರು, ನರೆತ ಮೀಸೆ, ಮಾತು ಕಡಿಮೆ. ಅವರ ಮನೆಯ ಹೊಲವೆಲ್ಲ ಬಡಾವಣೆಯಾಗಿತ್ತು. ಡ್ರಮ್ಮಿಗೆ ಮಡ್ಡಿ ತುಂಬಿ, ನನ್ನ ಸಗಣಿ ಜೀವಿಗಳನ್ನು ಸಗಣಿ ನೀರಿನ ಸಮೇತ ಸುರಿದು ಕಲಕಿದೆವು. ಎರಡನೇ ದಿನಕ್ಕೇ ಬಣ್ಣ ಹೋಯಿತು! ನಾನು ಓಡಿಹೋಗಿ ಮ್ಯಾನೇಜರಿಗೆ ಹೇಳಿದೆ. ಅವರು ಕ್ಯಾಂಟೀನಿನಲ್ಲಿ ಎಲ್ಲರಿಗೂ ಜಾಮೂನು ಹಂಚಿಸಿದರು.

ಕಡಸುಗಳನ್ನು ನೋಡಿದ್ದ ಹೆಬ್ಬಾಳದ ಪಶುವೈದ್ಯರು ಕೋಳಿಗಳ ಮೇಲೆ ಪ್ರಯೋಗ ಮಾಡುತ್ತಿದ್ದವರು. ನನ್ನ ಡ್ರಮ್ಮಿನ ಮಡ್ಡಿಯನ್ನು ಒಣಗಿಸಿ ಒಯ್ದು ಕೊಟ್ಟೆ. ಅವರು ಅದನ್ನು ಹುಂಜದ ಮರಿಗಳ ಆಹಾರಕ್ಕೆ ಬೆರೆಸಿದರು. ಹೆಣ್ಣು ಹಾರ್ಮೋನ್ ಹೊಟ್ಟೆಗೆ ಹೋದರೆ ಹುಂಜಕ್ಕೆ ಜುಟ್ಟು ಬೆಳೆಯುವುದಿಲ್ಲ. ಮೂರು ವಾರದ ನಂತರ ಹೋಗಿ ನೋಡಿದರೆ, ಒಳ್ಳೆಯ ಆಹಾರ ತಿಂದ ಮರಿಗಳಿಗೆ ಕೆಂಪು ಜುಟ್ಟು. ನನ್ನ ಮರಿಗಳ ತಲೆ ಬೋಳು, ಬಿಳಿಚಿಕೊಂಡು ಮೂಲೆಯಲ್ಲಿ ನಿಂತಿದ್ದವು.

"ಬಣ್ಣ ಹೋಗಿದೆ ಡಾಕ್ಟ್ರೇ, ನಾನೇ ನೋಡಿದೀನಿ," ಎಂದು ವಾದ ಮಾಡಿದೆ.

"ಬಣ್ಣ ಹೋಗಿರ್ಬೋದು ಮೇಡಂ. ಹಾರ್ಮೋನ್ ಹೋಗಿಲ್ಲ. ನಿಮ್ ಸಗಣಿ ನಾರಿಗೆ ಅಂಟ್ಕೊಂಡು ಕೂತಿದೆ, ಈಥರಿಗೆ ಸಿಕ್ಕಿಲ್ಲ. ಕೋಳಿ ಹೊಟ್ಟೇಲಿ ಬಿಟ್ಕೊಂಡಿದೆ."

ಹೆಬ್ಬಾಳದಿಂದ ಆರ್.ಟಿ. ನಗರದ ನನ್ನ ಮನೆಗೆ ಬಸ್ಸಿಗೂ ಕಾಯದೆ ನಡೆದುಕೊಂಡೇ ಹೋದೆ. ಮರುದಿನ ಕ್ಯಾಂಟೀನಿಗೆ ಕಾಲಿಡಲು ಧೈರ್ಯವಾಗಲಿಲ್ಲ. ಜಾಮೂನು ತಿಂದವರು ಒಬ್ಬರೂ ಏನೂ ಕೇಳಲಿಲ್ಲ. ಅದು ಕೇಳಿದ್ದಕ್ಕಿಂತ ಹೆಚ್ಚು ಉರಿಯಿತು.

ಪರೀಕ್ಷೆಯ ವಿಧಾನವನ್ನು ಸರಿಪಡಿಸಿದೆ. ಮೊದಲು ಮಡ್ಡಿಯನ್ನು ಕ್ಷಾರದಲ್ಲಿ ಕುದಿಸಿ, ಅಂಟಿಕೊಂಡದ್ದನ್ನೆಲ್ಲ ಬಿಡಿಸಿ, ಆಮೇಲೆ ಈಥರು. ಹಾಗೆ ನೋಡಿದರೆ ಆರೂ ಡ್ರಮ್ಮುಗಳಲ್ಲಿ ಬಣ್ಣ ಇದ್ದ ಹಾಗೇ ಇತ್ತು. ಕಾರಣವೂ ನಿಧಾನವಾಗಿ ಹೊಳೆಯಿತು. ಬಾಟಲಿಯಲ್ಲಿ ಬೇರೆ ಗತಿಯಿಲ್ಲದೆ ಹಾರ್ಮೋನ್ ತಿಂದ ನನ್ನ ಜೀವಿಗಳು, ಮಾತ್ರೆಯ ಹಿಟ್ಟು ಸಕ್ಕರೆಯೆಲ್ಲ ತುಂಬಿದ ಮಡ್ಡಿಗೆ ಬಂದ ಕೂಡಲೇ ಮದುವೆಮನೆಗೆ ಬಂದವರಂತೆ ಸಿಹಿಯ ಕಡೆಗೇ ನುಗ್ಗಿದ್ದವು.

ಈ ಸೋಲಿನ ಮಧ್ಯೆ ಒಂದು ಬೆಳಗ್ಗೆ ಮೇಸ್ತ್ರಿ ಡ್ರಮ್ಮಿನ ಪಕ್ಕ ನಿಂತು ಮೂಗು ಹಿಂಡಿಕೊಂಡು, ತಾವಾಗಿಯೇ ಒಂದು ಮಾತು ಹೇಳಿದರು.

"ಅಳೇದಾಕಿ ಅಮ್ಮಾರೆ. ಆಮ್ಯಾಕ್ ನೋಡಿ, ಎಂಗ್ ಕೊಳೀತದೆ ಅಂತ."

ನನಗೆ ರೋಮಾಂಚನವಾಯಿತು. ಅಳೆದು ಹಾಕಿ! ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಈ ಮನುಷ್ಯನಿಗೆ ಗೊತ್ತಿರುವುದು ನನಗೆ ಗೊತ್ತಿಲ್ಲದೆ ಹೋಯಿತಲ್ಲ! ನಾನು ಸಗಣಿ ನೀರನ್ನು ಬಕೆಟ್ಟಿನ ಲೆಕ್ಕದಲ್ಲಿ ಸುರಿದಿದ್ದೆ. ಎಷ್ಟು ಜೀವಿ, ಎಷ್ಟು ಮಡ್ಡಿ, ಎಷ್ಟು ಗಾಳಿ ಎಂಬುದಕ್ಕೆ ಒಂದು ಅಳತೆ ಬೇಡವೇ? ಆ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದೆ. ಮ್ಯಾನೇಜರಿಗೂ ಹೇಳಿದೆ. "ಮೇಸ್ತ್ರಿಗಿರೋ ಸೈಂಟಿಫಿಕ್ ಬುದ್ಧಿ ನಮಗಿಲ್ಲ ಸರ್."

ಮುಂದಿನ ಒಂದು ತಿಂಗಳು ನನ್ನ ಜೀವನದಲ್ಲೇ ಅತಿ ಅಚ್ಚುಕಟ್ಟಾದ ಕೆಲಸ ಮಾಡಿದೆ. ಮಡ್ಡಿಯನ್ನು ತೂಗಿ ಹಾಕಿದೆ. ಜೀವಿಗಳನ್ನು ಅಳತೆ ಪಾತ್ರೆಯಲ್ಲಿ ಅಳೆದು ಹಾಕಿದೆ. ಸುಣ್ಣ, ಉಪ್ಪು ಎಲ್ಲವೂ ಗ್ರಾಂ ಲೆಕ್ಕ. ಹತ್ತು ಹತ್ತು ದಿನಕ್ಕೊಂದು ಬಾರಿ ಡ್ರಮ್ಮುಗಳನ್ನು ಬೋರಲು ಹಾಕಿ, ತೆಂಗಿನ ನಾರಿನಿಂದ ಉಜ್ಜಿ ತೊಳೆದು, ಬಿಸಿಲಿಗೆ ಒಣಗಿಸಿ, ಹೊಸದಾಗಿ ಶುರು. ನಾನು ಕಲಿತ ವಿದ್ಯೆಯಲ್ಲಿ ಶುದ್ಧವೇ ದೊಡ್ಡ ದೇವರು. ಹಿಂದಿನ ಪ್ರಯೋಗದ ಒಂದು ಹನಿ ಕೂಡ ಮುಂದಿನದಕ್ಕೆ ಸೇರಬಾರದು. ಮೇಸ್ತ್ರಿ ಡ್ರಮ್ಮು ತೊಳೆದಿಟ್ಟು, ನಾನು ತೂಗುವುದನ್ನು ನೋಡುತ್ತಾ ನಿಲ್ಲುತ್ತಿದ್ದರು.

"ಅಳೇದೇ ಆಕ್ತಿದ್ದೀರಾ ಅಮ್ಮಾರೆ?"

"ಅಳೆದೇ ಹಾಕ್ತಿದೀನಿ ಮೇಸ್ತ್ರಿ. ಒಂದು ಗ್ರಾಮೂ ಹೆಚ್ಚು ಕಡಿಮೆ ಇಲ್ಲ."

"ಆದ್ರೂ ನಾತ ಓಗ್ತಾ ಇಲ್ವಲ್ಲ!" ಎಂದು ತಲೆ ಕೆರೆದುಕೊಂಡು ಹೋಗುತ್ತಿದ್ದರು. ನನಗೂ ಅದೇ ಚಿಂತೆ. ಮೂರು ಸರದಿ ಮುಗಿದವು. ಬಣ್ಣ ಒಂದಿಷ್ಟೂ ಇಳಿಯಲಿಲ್ಲ. ಹೊಸ ವರ್ಷದ ಕ್ಯಾಲೆಂಡರ್ ಗೋಡೆಗೆ ಬಂತು. ಒಂದು ಭಾನುವಾರ ಪುಟ್ಟೇನಹಳ್ಳಿಗೆ ಹೋದಾಗ ಹಾಲಿನಮ್ಮ ಕಡಸುಗಳಿಗೆ ಬೇರೆ ಕಡೆಯಿಂದ ಹುಲ್ಲು ಹೊತ್ತು ತರುತ್ತಿದ್ದರು. ಕೆಚ್ಚಲಿನ ಬಾವು ಇಳಿದಿತ್ತು. ಆದರೆ ಬೆನ್ನ ಮೇಲೆ ಹೊರೆ ಹೊತ್ತೂ ಹೊತ್ತೂ ಅವರು ಬಾಗಿಹೋಗಿದ್ದರು. ಅವರದೇ ಹೊಲದಲ್ಲಿ ಗೊಬ್ಬರ ಕಾಣದ ಹುಲ್ಲು ಹಳದಿಯಾಗಿ ನಿಂತಿತ್ತು.

"ಆಯ್ತೇನವ್ವ?" ಎಂದರು.

"ಇನ್ನೂ ಇಲ್ಲಮ್ಮ."

"ಇಲ್ಲಿ ಕೆರೆ ತಾವ ಒಬ್ಬ ಸೂಟಿನವನು ಬಂದು ಅಳ್ಳ ನೋಡ್ಕಂಡ್ ಓದ," ಎಂದಷ್ಟೇ ಹೇಳಿ ಹೊರೆ ಇಳಿಸಿದರು. ನಾನು ಕಾಫಿ ಕುಡಿಯದೆ ಎದ್ದು ಬಂದೆ.

ನಾಲ್ಕನೇ ಸರದಿಯ ಒಂಬತ್ತನೇ ದಿನ ಆರು ಕೊಳವೆಗಳನ್ನು ಸಾಲಾಗಿ ಕಾಯಿಸಿದೆ. ಐದರಲ್ಲಿ ದಾಸವಾಳ. ಮೂರನೆಯದು ನೀರಿನ ಹಾಗೆ ತಿಳಿ.

ನನಗೆ ಬಂದ ಮೊದಲ ಭಾವನೆ ಸಂತೋಷವಲ್ಲ, ಸಿಟ್ಟು. ಒಮ್ಮೆ ಜಾಮೂನು ತಿನ್ನಿಸಿ ಮುಖಕ್ಕೆ ಮಸಿ ಬಳಿದುಕೊಂಡವಳಲ್ಲವೇ? ಎಲ್ಲೋ ತಪ್ಪಾಗಿದೆ ಎಂದುಕೊಂಡೆ. ಮತ್ತೆ ಮೂರು ಬಾರಿ ಮಾಡಿದೆ. ಕ್ಷಾರದಲ್ಲಿ ಎರಡು ಪಟ್ಟು ಹೊತ್ತು ಕುದಿಸಿದೆ. ಬಣ್ಣವಿಲ್ಲ. ಡ್ರಮ್ಮು ಸೋರಿ, ಯಾರೋ ನೀರು ಸುರಿದು ಸರಿದೂಗಿಸಿದ್ದಾರೆ ಎಂದು ಹಿತ್ತಲಿಗೆ ಹೋಗಿ ಮೇಸ್ತ್ರಿಯ ಮೇಲೆ ಹರಿಹಾಯ್ದೆ.

"ಮೂರನೇ ಡ್ರಮ್ಮಿಗೆ ಏನ್ ಮಾಡಿದ್ರಿ? ನಿಜ ಹೇಳಿ ಮೇಸ್ತ್ರಿ."

"ಏನೂ ಮಾಡಿಲ್ಲ ಅಮ್ಮಾರೆ. ಅದರ ತಳ ನೆಲಕ್ಕೆ ಕಚ್ಕಂಡದೆ, ಬೋರಲು ಆಕಾಕೆ ಆಗಾಕಿಲ್ಲ. ಮೊದ್ಲಿಂದ ನಾನು ಅದನ್ನ ತೊಳ್ದೇ ಇಲ್ಲ. ಒಂದು ಗೇಣು ಅಂಗೇ ಬಿಟ್ಟು ಅದರ ಮ್ಯಾಲೇ ಆಕ್ತಿದ್ದೆ."

"ತೊಳೀದೆ ಹಾಕಿದ್ರಾ? ಮತ್ತೆ ಅಳೆದು ಹಾಕಿ ಅಂತ ನೀವೇ ನನಗೆ ಪಾಠ ಹೇಳಿದ್ದು?"

ಮೇಸ್ತ್ರಿ ನನ್ನ ಮುಖ ನೋಡಿದರು. ಆಮೇಲೆ ಹಿತ್ತಲಿನ ಮೂಲೆಯ ಹೊಂಗೆ ಮರದ ಕಡೆ ಕೈ ಮಾಡಿದರು. ಅದರ ಬುಡದಲ್ಲಿ ಯಾವತ್ತೋ ಸುರಿದು ಮರೆತ ಮಡ್ಡಿಯ ಗುಡ್ಡೆ ಇತ್ತು. ಮೇಲೆ ಗರಿಕೆ ಬೆಳೆದಿತ್ತು.

"ಅಳೇದು ಅಂದ್ರೆ ಅಳೇದು ಅಮ್ಮಾರೆ! ಓದ್ ವರ್ಸದ್ದು! ವೊಸಾದಕ್ಕೆ ಅಳೇದ್ ಸೇರಿಸ್ದೆ ಓದ್ರೆ ಎಂಗ್ ಕೊಳೀತದೆ? ನಮ್ ತಿಪ್ಪೇನ ನಾವು ಯಾವತ್ತಾನಾ ತಳ ಕಾಣೋ ಅಂಗೆ ಬಳೀತೀವಾ?"

ಅವರ ಬಾಯಿಯಲ್ಲಿ ಹಕಾರವೇ ಇರಲಿಲ್ಲ. ಹಸು ಅಸು, ಹುಲ್ಲು ಉಲ್ಲು ಎಂದು ಅವರೂ ಹಾಲಿನಮ್ಮನೂ ಆಡುವುದನ್ನು ದಿನವೂ ಕೇಳಿ ಅರ್ಥ ಮಾಡಿಕೊಳ್ಳುತ್ತಿದ್ದವಳು, ಈ ಒಂದೇ ಒಂದು ಮಾತನ್ನು ಮಾತ್ರ ನನಗೆ ಬೇಕಾದ ಹಾಗೆ ಕೇಳಿಸಿಕೊಂಡಿದ್ದೆ. ಅವರು ಹಳೆಯದನ್ನು ಹಾಕಿ ಎಂದಿದ್ದರು. ನಾನು ಒಂದು ತಿಂಗಳು ತಕ್ಕಡಿ ಹಿಡಿದು ಕೂತಿದ್ದೆ. ಅಷ್ಟೇ ಅಲ್ಲ, ಹಳೆಯದರ ಒಂದು ಹನಿಯೂ ಉಳಿಯದಂತೆ ನಾರು ಹಾಕಿ ಉಜ್ಜಿಸಿದ್ದೆ. ಅಳೆದೇ ಹಾಕ್ತಿದೀನಿ ಎಂದು ನಾನು ಹೇಳಿದಾಗಲೆಲ್ಲ ಅವರು ಹಳೆಯದೇ ಎಂದು ಕೇಳಿಸಿಕೊಂಡು, ಈಯಮ್ಮ ಕಣ್ಣೆದುರೇ ಸುಳ್ಳು ಹೇಳುತ್ತಿದೆಯಲ್ಲ ಎಂದು ಸುಮ್ಮನಾಗಿದ್ದರು! ನಾನು ಅಲ್ಲೇ ಕಲ್ಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಮೇಸ್ತ್ರಿ ಗಾಬರಿಯಾಗಿ ನೀರು ತಂದುಕೊಟ್ಟರು.

ನಕ್ಕು ಮುಗಿದ ಮೇಲೆ ವಿಷಯ ಅರ್ಥವಾಯಿತು. ಹಾರ್ಮೋನ್ ತಿನ್ನುವ ಜೀವಿಗಳು ಸೋಮಾರಿಗಳಲ್ಲ, ನಿಧಾನಸ್ಥರು. ಸಿಹಿ ತಿನ್ನುವ ಜೀವಿಗಳು ಗಂಟೆಗಳಲ್ಲಿ ದುಪ್ಪಟ್ಟಾದರೆ ಇವಕ್ಕೆ ದಿನಗಳು ಬೇಕು. ಮೊದಲು ಬಂದವರು ಸಿಹಿಯನ್ನೆಲ್ಲ ಮುಗಿಸಿ ಹೋದ ಮೇಲೆ, ಹಳೆಯ ಮಡ್ಡಿಯಲ್ಲಿ ಗಾಳಿ ಸಿಕ್ಕರೆ ಇವು ಮೆಲ್ಲಗೆ ತಲೆ ಎತ್ತುತ್ತವೆ. ಹತ್ತು ದಿನಕ್ಕೊಮ್ಮೆ ಡ್ರಮ್ಮು ತೊಳೆಯುವ ನಾನು, ಅವು ಸಂಸಾರ ಹೂಡುವ ಮೊದಲೇ ಮನೆಯನ್ನು ಕೆಡವುತ್ತಿದ್ದೆ. ಹೊಂಗೆ ಮರದ ಗುಡ್ಡೆಯಿಂದ ಒಂದು ಹಿಡಿ ತಂದು ಪರೀಕ್ಷಿಸಿದೆ. ಅದರಲ್ಲೂ ಬಣ್ಣವಿರಲಿಲ್ಲ.

ಆ ಸಂಜೆ ಮ್ಯಾನೇಜರ್ ಮುಂದೆ ನಿಂತು ನಾನು ಕೇಳಿದ್ದು ಕೇಳಬಾರದ ವಿಷಯ. ಹೊಂಗೆ ಮರದ ಗುಡ್ಡೆಯನ್ನೆಲ್ಲ ಎರಡನೇ ಗುಂಡಿಗೆ ಸುರಿಯಬೇಕು. ಇನ್ನು ಮೇಲೆ ಆ ಗುಂಡಿಯನ್ನು ಯಾವತ್ತೂ ಪೂರ್ತಿ ಖಾಲಿ ಮಾಡಬಾರದು.

"ಗುಂಡೀಲಿ ಜಾಗ ಮಾಡಿಕೊಡಿ ಅಂತ ನಾನು ಬೇಡ್ಕೋತಿದ್ರೆ, ಇದ್ದ ಜಾಗಾನೂ ನೀವೇ ತುಂಬಿಸ್ತೀನಿ ಅಂತೀರಲ್ರೀ! ಉಗಾದಿಗೆ ತುಂಬೋದು ಶಿವರಾತ್ರಿಗೇ ತುಂಬುತ್ತೆ."

"ತುಂಬ್ಲಿ ಸರ್. ಶಿವರಾತ್ರಿಗೆ ಆಗ್ಲಿಲ್ಲ ಅಂದ್ರೆ ಲಾರಿ ಹೊರಡ್ಲಿ. ನಾನೇ ಸಹಿ ಹಾಕ್ತೀನಿ."

ಹಾಲಿನಮ್ಮನ ಕೆರೆಯನ್ನು ಪಣವಾಗಿಡಲು ನನಗೆ ಯಾವ ಹಕ್ಕಿತ್ತು? ಆದರೆ ತೊಳೆದು ತೊಳೆದು ಇನ್ನೂ ಎರಡು ತಿಂಗಳು ಕಳೆಯುವುದಕ್ಕಿಂತ ಅದೇ ಸರಿ ಎಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಮ್ಯಾನೇಜರ್ ಕನ್ನಡಕ ಒರೆಸಿಕೊಂಡು "ಆಯ್ತು" ಎಂದರು.

ಸಂಕ್ರಾಂತಿಯ ಮಾರನೇ ದಿನ ಕೆಲಸ ಶುರುವಾಯಿತು. ಮಾತ್ರೆಗೆ ಲೇಪ ಕೊಡುವ ವಿಭಾಗದಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಬ್ಲೋವರ್ ಒಂದನ್ನು ರಿಪೇರಿ ಮಾಡಿಸಿ, ಗುಂಡಿಯ ತಳದಲ್ಲಿ ತೂತು ಕೊರೆದ ಪೈಪುಗಳನ್ನು ಹಾಸಿ ಗಾಳಿ ಬಿಟ್ಟೆವು. ಎರಡು ಪಾಲು ಹಳೆಯ ಮಡ್ಡಿ, ಒಂದು ಪಾಲು ಹೊಸದು. ಹೊಸದನ್ನೂ ಒಮ್ಮೆಗೇ ಸುರಿಯದೆ ದಿನಕ್ಕಿಷ್ಟು ಎಂದು ಕೊಟ್ಟೆವು. ಮೊದಲ ವಾರ ಗುಂಡಿ ಬೇಳೆ ಕುದಿಯುವ ಹಾಗೆ ಗುಳುಗುಳು ಎನ್ನುತ್ತಿತ್ತು. ನಾತ ಅರ್ಧಕ್ಕರ್ಧ ಇಳಿಯಿತು. ಮೇಸ್ತ್ರಿ ಬೆಳಗ್ಗೆ ಬಂದ ಕೂಡಲೇ ಗುಂಡಿಯ ಅಂಚಿಗೆ ಹೋಗಿ ಮೂಗೆತ್ತಿ ವಾಸನೆ ನೋಡಿ, ತಲೆ ಆಡಿಸಿ, ಆಮೇಲೆ ಹಾಜರಿ ಹಾಕುತ್ತಿದ್ದರು.

ಎರಡನೇ ವಾರ ಕರೆಂಟು ಕೈಕೊಟ್ಟಿತು. ಆ ವರ್ಷ ಫ್ಯಾಕ್ಟರಿಗಳಿಗೆ ದಿನದಲ್ಲಿ ಅರ್ಧ ಹೊತ್ತು ಕರೆಂಟಿಲ್ಲ. ಇರುವ ಹೊತ್ತಿನಲ್ಲಿ ಮಾತ್ರೆ ಯಂತ್ರಗಳೇ ಮೊದಲು, ನನ್ನ ಬ್ಲೋವರ್ ಕೊನೆಗೆ. ಎರಡೇ ದಿನಕ್ಕೆ ಗುಂಡಿ ಸತ್ತ ಹಾಗೆ ಮಲಗಿ, ಕೊಳೆತ ಮೊಟ್ಟೆಯ ನಾತ ಯಶವಂತಪುರ ಸ್ಟೇಷನ್ನಿನವರೆಗೂ ಹೋಯಿತೆಂದು ಜನ ನಗಾಡಿದರು. ಗಾಳಿಯಿಲ್ಲದೆ ನನ್ನ ನಿಧಾನಸ್ಥರು ಇನ್ನೊಂದು ದಿನ ಬದುಕುವುದು ಕಷ್ಟವಿತ್ತು.

"ಬ್ಲೋವರ್ ಬರೋ ಮುಂಚೆ ನಾವ್ ಏನ್ ಮಾಡ್ತಿದ್ವಿ ಅಮ್ಮಾರೆ?" ಎಂದರು ಮೇಸ್ತ್ರಿ. ಪಂಚೆ ಎತ್ತಿ ಕಟ್ಟಿ, ಸನಿಕೆ ಹಿಡಿದು ಗುಂಡಿಗೆ ಇಳಿದೇಬಿಟ್ಟರು. ಅವರ ಹಿಂದೆ ನಾಲ್ಕು ಜನ ಇಳಿದರು. ಮಡ್ಡಿಯನ್ನು ಒಂದು ಬದಿಯಿಂದ ಕೆದಕಿ ಎತ್ತಿ ಇನ್ನೊಂದು ಬದಿಗೆ ಎರಚುವುದು, ಆ ಬದಿ ಮುಗಿದರೆ ಮತ್ತೆ ಈ ಬದಿಗೆ. ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ. ಮೂರನೇ ದಿನ ನಾನೂ ಸೀರೆ ಸಿಕ್ಕಿಸಿ ಇಳಿದೆ. ಮೊಣಕಾಲಿನವರೆಗೆ ಮಡ್ಡಿ. ಲ್ಯಾಬಿನವರು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ನನಗೆ ಒಂದಿಷ್ಟೂ ಬೇಸರವಾಗಲಿಲ್ಲ. ಮನೆಗೆ ಹೋದ ಮೇಲೆ ಮಾತ್ರ ನನ್ನತ್ತೆ ಹಿತ್ತಲಿನ ಬಾಗಿಲಿನಿಂದಲೇ ಒಳಗೆ ಬಾ ಎಂದರು.

ಹಾಗೆ ಹದಿನೆಂಟು ದಿನ ನಡೆಯಿತು. ದಾಸವಾಳದ ಬಣ್ಣ ಕಣಗಲೆಯ ಬಣ್ಣವಾಯಿತು. ಆಮೇಲೆ ಹಾಲಿಗೆ ಚಿಟಿಕೆ ಕುಂಕುಮ ಬಿದ್ದಷ್ಟು. ಹತ್ತೊಂಬತ್ತನೇ ದಿನ ಕೊಳವೆ ತಿಳಿಯಾಯಿತು. ಗುಂಡಿಯ ಮೇಲಿನಿಂದ, ನಡುವಿನಿಂದ, ತಳದಿಂದ ತೆಗೆದ ಒಂಬತ್ತು ಕೊಳವೆಗಳೂ ತಿಳಿ. ಈ ಸಲ ನಾನು ಯಾರಿಗೂ ಹೇಳಲಿಲ್ಲ. ಚೀಲದಲ್ಲಿ ಮಡ್ಡಿ ತುಂಬಿಕೊಂಡು ನೇರ ಹೆಬ್ಬಾಳಕ್ಕೆ ಹೋದೆ.

ಶಿವರಾತ್ರಿಗೆ ಎರಡು ದಿನ ಮುಂಚೆ ಡಾಕ್ಟರು ಫೋನ್ ಮಾಡಿ "ಬನ್ನಿ" ಎಂದರು, ಅಷ್ಟೇ. ಮ್ಯಾನೇಜರನ್ನೂ ಮೇಸ್ತ್ರಿಯನ್ನೂ ಕರೆದುಕೊಂಡು ಫ್ಯಾಕ್ಟರಿ ಜೀಪಿನಲ್ಲಿ ಹೋದೆ. ಮೊದಲ ಗೂಡಿನಲ್ಲಿ ಹೊಸ ಮಡ್ಡಿ ತಿಂದ ಹುಂಜಗಳು ಬೋಳು ತಲೆಯಲ್ಲಿ ಕೂತಿದ್ದವು. ಎರಡನೇ ಗೂಡಿನಲ್ಲಿ ನಮ್ಮ ಗುಂಡಿಯ ಮಡ್ಡಿ ತಿಂದವು. ಒಂದೊಂದರ ತಲೆಯ ಮೇಲೂ ಕೆಂಪು ಜುಟ್ಟು. ನಾವು ಹತ್ತಿರ ಹೋದ ಕೂಡಲೇ ಒಂದು ಹುಂಜ ಕತ್ತು ಉದ್ದ ಮಾಡಿ, ಇನ್ನೂ ಒಡೆಯದ ಗಂಟಲಿನಲ್ಲಿ ಕೂಗಲು ನೋಡಿ ಕೆಮ್ಮಿತು.

"ಗೆದ್ರಿ ಮೇಡಂ," ಎಂದರು ಡಾಕ್ಟರು.

ಮ್ಯಾನೇಜರ್ ಮೊದಲು ಮೇಸ್ತ್ರಿಯ ಕೈ ಕುಲುಕಿದರು, ಆಮೇಲೆ ನನ್ನದು. ಆ ಸರದಿ ಸರಿಯಾಗಿಯೇ ಇತ್ತು. ಕೆರೆಯ ಹಿಂದಿನ ಹಳ್ಳದ ಮಾತು ಅಲ್ಲಿಗೆ ಬಿಟ್ಟುಹೋಯಿತು. ಮೊದಲನೇ ಗುಂಡಿಗೂ ಅದೇ ವ್ಯವಸ್ಥೆ ಆಯಿತು. ಫ್ಯಾಕ್ಟರಿಯ ಗೋಡೆಯ ಮೇಲೆ ನಾನೇ ಬಣ್ಣದಲ್ಲಿ ಬರೆದೆ: ಗುಂಡಿಯನ್ನು ಪೂರ್ತಿ ಬಳಿಯಬಾರದು, ಮೂರರಲ್ಲಿ ಎರಡು ಪಾಲು ಹಳೆಯದು ಉಳಿಯಬೇಕು. ಹಳೆಯದು ಎಂಬುದರ ಹಕಾರವನ್ನು ಎಲ್ಲಕ್ಕಿಂತ ದಪ್ಪಗೆ ಬರೆದಿದ್ದೆ. ಮೇಸ್ತ್ರಿ ಅದನ್ನು ನೋಡಿ ಮೀಸೆಯಡಿಯಲ್ಲಿ ನಕ್ಕರು.

ಆದರೆ ಹುಂಜದ ಜುಟ್ಟಿನಿಂದ ಹಾಲಿನಮ್ಮನ ಹೊಟ್ಟೆ ತುಂಬುವುದಿಲ್ಲ. ಮಡ್ಡಿ ಶುದ್ಧವಾಗಿದೆ, ಮತ್ತೆ ಹುಲ್ಲಿಗೆ ಹಾಕಬಹುದು ಎಂದು ಹೇಳಲು ನಾನೇ ಪುಟ್ಟೇನಹಳ್ಳಿಗೆ ಹೋದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಕೋಳಿ ಕತೆ ನಂಗ್ಯಾಕೆ ಯೇಳ್ತೀಯ? ನನ್ನೊಲ ಎಲ್ಡು ಭಾಗ ಮಾಡ್ತೀನಿ. ಒಂದಕ್ಕೆ ನಿನ್ ಮಡ್ಡಿ, ಇನ್ನೊಂದಕ್ಕೆ ನಮ್ ತಿಪ್ಪೆ ಗೊಬ್ರ. ಒಂದ್ ಕಡಸಿಗೆ ಆ ಉಲ್ಲು, ಒಂದ್ ಕಡಸಿಗೆ ಈ ಉಲ್ಲು. ಎಲ್ಡೂ ಗಬ್ಬ ನಿಂತ್ರೆ ನೀನ್ ಯೇಳಿದ್ ನಿಜ."

ಕಾಲೇಜಿನಲ್ಲಿ ವರ್ಷಗಟ್ಟಲೆ ಹೇಳಿಕೊಟ್ಟ ಪ್ರಯೋಗದ ಕ್ರಮವನ್ನು ಆಕೆ ಹಗ್ಗ ಹೊಸೆಯುತ್ತಾ ಒಂದೇ ಉಸಿರಿಗೆ ಹೇಳಿದ್ದರು. ಆ ಕಡಸಿಗೆ ಏನಾದರೂ ಆದರೆ ಎಂಬ ಭಯ ನನಗಿತ್ತು. ಅವರಿಗೆ ಇರಲಿಲ್ಲ ಎಂದಲ್ಲ. ಮಡ್ಡಿ ಹುಲ್ಲಿಗೆ ಅವರು ಆರಿಸಿದ್ದು ತಮ್ಮ ಮುದ್ದಿನ ಕೆಂದ ಕಡಸನ್ನು. ಯಾಕೆ ಎಂದು ಕೇಳಿದ್ದಕ್ಕೆ, "ಇನ್ನೊಂದನ್ನ ಕೊಟ್ರೆ ನಾನ್ ಸರಿಯಾಗ್ ನೋಡ್ಕಳ್ಳಲ್ಲ," ಎಂದರು.

ಮಳೆಗಾಲದಲ್ಲಿ ಎರಡೂ ಕಡಸುಗಳು ಬೆದೆಗೆ ಬಂದವು. ಹೋರಿಯ ಹತ್ತಿರ ಬಿಟ್ಟರು. ಶ್ರಾವಣ ಕಳೆದು, ಗಬ್ಬ ನೋಡಲು ಡಾಕ್ಟರು ಬರುವ ದಿನ ನಾನೂ ರಜೆ ಹಾಕಿ ಹೋದೆ. ಮೊದಲು ತಿಪ್ಪೆ ಗೊಬ್ಬರದ ಹುಲ್ಲು ತಿಂದ ಕಡಸು. ಡಾಕ್ಟರು ಭುಜದವರೆಗೂ ಕೈ ಹಾಕಿ, ಕಣ್ಣು ಮುಚ್ಚಿಕೊಂಡು ನೋಡಿ, "ನಿಂತಿದೆ" ಎಂದರು. ಹಾಲಿನಮ್ಮ ಕೆಂದದ ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡರು.

ಡಾಕ್ಟರು ಕೈ ತೊಳೆದುಕೊಂಡು ಕೆಂದದ ಹಿಂದೆ ನಿಂತರು. ಈ ಸಲ ಹೆಚ್ಚು ಹೊತ್ತು ಹಿಡಿಯಿತು. ಅಷ್ಟೊಂದು ಪ್ರಯೋಗ ಮಾಡಿದ ನನಗೆ ಆ ಒಂದು ನಿಮಿಷ ಯಾವ ವಿಜ್ಞಾನವೂ ನೆನಪಿಗೆ ಬರಲಿಲ್ಲ. ಮನೆದೇವರನ್ನು ನೆನೆದೆ.

"ಇದೂ ನಿಂತಿದೆ ಅಮ್ಮ," ಎಂದರು ಡಾಕ್ಟರು. "ಅದಕ್ಕಿಂತ ಒಂದು ವಾರ ಮುಂಚೇನೇ ನಿಂತಿದೆ."

ಹಾಲಿನಮ್ಮ ಹಗ್ಗ ಬಿಟ್ಟು ಕೆಂದದ ಕತ್ತನ್ನು ತಬ್ಬಿಕೊಂಡು ಸುಮಾರು ಹೊತ್ತು ಹಾಗೇ ನಿಂತರು. ನಾನು ಬೇರೆ ಕಡೆ ನೋಡಿದೆ. ತಿರುಗಿದಾಗ ಮುಖ ಒರೆಸಿಕೊಂಡು, ಎಂದಿನ ಗತ್ತಿನಲ್ಲಿ ನನ್ನ ಮೇಲೆಯೇ ಬಂದರು.

"ಎಲ್ಡೂ ಒಟ್ಟಿಗೇ ಈಯ್ದ್ರೆ ನಾನೊಬ್ಳು ಎಂಗವ್ವ ನೋಡ್ಕಳ್ಳಿ? ನಿನ್ನಿಂದಾನೇ ಇಂಗಾಗಿದ್ದು. ಆವಾಗ ನೀನ್ ಬಂದ್ ಇರ್ಬೇಕು, ನೋಡು!"

"ಬರ್ತೀನಮ್ಮ," ಎಂದೆ.

ಹೇಳಿದ ಹಾಗೆ ಹೋದೆ. ಮೊದಲು ಈದದ್ದು ಕೆಂದವೇ. ಹೆಣ್ಣು ಕರು.